ಮುಚ್ಚಳದೊಳಗಿನ ಮುದ್ರೆ

ಹತ್ತು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೂತು ಹೊರಬಂದ ಎಣ್ಣೆ ಎಳೆ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಊಟದ ಡಬ್ಬಿ ಮಾಡುವ ಕಾರ್ಖಾನೆಯ ಮೂಲೆಕೋಣೆಯಲ್ಲಿ ಡಬ್ಬಿಗಳ ಪರೀಕ್ಷೆ ಮಾಡುವ ಹುಡುಗಿ, ಮುಚ್ಚಳದ ಅಚ್ಚಿರುವ ತುಂಡು ಮುಳುಗಿದ್ದ ಆ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಕನ್ನಡಕದ ತಪ್ಪೇನೂ ಇರಲಿಲ್ಲ. ಪಕ್ಕದ ಲೋಟದಲ್ಲಿ ಅದೇ ಮುಚ್ಚಳದ ಅಚ್ಚಿಲ್ಲದ ತುಂಡು ಮುಳುಗಿತ್ತು. ಅದರ ಎಣ್ಣೆ ಸುರಿದ ದಿನ ಹೇಗಿತ್ತೋ ಹಾಗೇ ತಿಳಿಯಾಗಿತ್ತು. ಹೊರಗೆ ಲಾರಿ ತುಂಬಿ ನಿಂತಿತ್ತು. ಆಸ್ಪತ್ರೆಯ ಅಡುಗೆಮನೆಗೆ ಹೊರಟ ಲಾರಿ. ನಾಳೆಯಿಂದ ರೋಗಿಗಳ ಊಟವೆಲ್ಲ ಈ ಡಬ್ಬಿಗಳಲ್ಲೇ. ಅವಳ ಒಂದು ಸಹಿ ಬಿದ್ದರೆ ಚಕ್ರ ಉರುಳುವುದು.

"ಏನು ಪುಟ್ಟಾ, ಆಯ್ತಾ?" ಎನ್ನುತ್ತ ದೊಡ್ಡಪ್ಪ ಬಂದರು. ಕಾರ್ಖಾನೆ ಅವರದು. ಅಪ್ಪ ಇಲ್ಲದ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿ, ಓದಿಸಿ, ಈ ಕೋಣೆಯಲ್ಲಿ ತಂದು ಕೂರಿಸಿದವರೂ ಅವರೇ.

"ದೊಡ್ಡಪ್ಪ, ಕಾಗದ ಒಳ್ಳೇದು. ಒಳಗಿನ ಲೇಪ ಒಳ್ಳೇದು. ಮಣ್ಣಲ್ಲಿ ಹೂತಿಟ್ಟಿದ್ದೂ ಚೆನ್ನಾಗಿ ಕರಗಿದೆ. ಕೆಟ್ಟದ್ದು ಅಂದ್ರೆ ಮುದ್ರೆ ಒಂದೇ."

"ಯಾವ ಮುದ್ರೆ?"

"'ಆಹಾರಕ್ಕೆ ಸುರಕ್ಷಿತ, ಭೂಮಿಗೆ ಹಿತ' ಅಂತ ಮುಚ್ಚಳದ ಒಳಗೆ ಹಸಿರು ಎಲೆ ಅಚ್ಚು ಹಾಕಿಸಿದೀರಲ್ಲ, ಅದು. ಎಣ್ಣೆಗೂ ಇಳೀತು, ಬಿಸಿನೀರಿಗೂ ಇಳೀತು. ಊಟದ ಹಬೆ ಮುಚ್ಚಳಕ್ಕೆ ಬಡಿಯುತ್ತೆ, ಮುದ್ರೇನ ತೊಳ್ಕೊಳ್ಳುತ್ತೆ, ಹನಿಹನಿಯಾಗಿ ಮತ್ತೆ ಊಟದ ಮೇಲೇ ಬೀಳುತ್ತೆ."

ದೊಡ್ಡಪ್ಪ ಸ್ಟೂಲಿನ ಮೇಲೆ ಕುಸಿದರು. ಮುದ್ರೆ ಮೊದಲು ಡಬ್ಬಿಯ ಹೊರಮೈಯಲ್ಲೇ ಇತ್ತು. ಚೀಲದೊಳಗೆ ಹೋದಮೇಲೆ ಅದು ಯಾರ ಕಣ್ಣಿಗೆ ಬೀಳುತ್ತದೆ, ಒಳ್ಳೆಯತನ ಇದ್ದರೆ ಸಾಕೇ, ಮುಚ್ಚಳ ತೆಗೆದ ಕೂಡಲೇ ಎದ್ದು ಕಾಣಬೇಡವೇ ಎಂದು ಒಳಮೈಗೆ ತರಿಸಿದವರು ಅವರೇ. ಮುದ್ರೆ ಒಳಗೆ ಬರುವಾಗ ಹೊರಮೈಗೆಂದೇ ಇದ್ದ ಮಸಿಯನ್ನೂ ಜೊತೆಗೆ ಕರೆದುಕೊಂಡು ಬಂದಿತ್ತು. ಅದನ್ನು ಬಾಗಿಲಲ್ಲಿ ಯಾರೂ ತಡೆದು ಕೇಳಿರಲಿಲ್ಲ.

"ಹಸಿರೇ ತಾನೇ?" ಎಂದರು ಮೆಲ್ಲಗೆ. "ಸೊಪ್ಪು ತಿಂದ ಹಾಗೆ."

"ಸೊಪ್ಪಲ್ಲ ದೊಡ್ಡಪ್ಪ, ಮಸಿ. ತಿನ್ನೋರು ಹಾಸಿಗೆ ಹಿಡಿದೋರು. ಮುದ್ರೆ ಇಲ್ಲದ ಮುಚ್ಚಳ ಕೊಡಿ, ಕಣ್ಣು ಮುಚ್ಚಿ ಸಹಿ ಹಾಕ್ತೀನಿ."

ದೊಡ್ಡಪ್ಪ ಆಸ್ಪತ್ರೆಯ ಉಗ್ರಾಣದವರಿಗೆ ಅಲ್ಲಿಂದಲೇ ಫೋನು ಹಚ್ಚಿದರು. ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು: "ಮುದ್ರೆ ಇಲ್ಲದ್ದಾ? ಮತ್ತೆ ಸುರಕ್ಷಿತ ಅಂತ ನಮಗೆ ಹೇಗ್ರೀ ಗೊತ್ತಾಗ್ಬೇಕು?"

"ಕೇಳಿಸ್ಕೊಂಡ್ಯಾ?" ದೊಡ್ಡಪ್ಪ ಫೋನು ಜೇಬಿಗಿಟ್ಟರು. "ನಿನ್ನ ಓದಿಸಿದ್ದು ನನ್ನ ಅನ್ನಕ್ಕೆ ಕಲ್ಲು ಹಾಕೋದಕ್ಕಾ?"

"ನೋಡೋದಕ್ಕೆ ಅಂತ ಓದಿಸಿದ್ರಿ. ನೋಡಿದೆ."

ಹಾಗೆ ಅಂದು ವರದಿಯ ಹಾಳೆ ಎಳೆದುಕೊಂಡಳು. 'ಯೋಗ್ಯವಲ್ಲ' ಎಂದು ಒಂದೇ ಒಂದು ಪದ ಬರೆದಿದ್ದರೆ ಮುಗಿದುಹೋಗುತ್ತಿತ್ತು. ಪೆನ್ನು ಎತ್ತಿದಳು. ಎದುರಿಗೆ ತಲೆ ತಗ್ಗಿಸಿ ಕೂತವರನ್ನು ನೋಡಿದಳು. ಜ್ವರ ಬಂದಾಗ ರಾತ್ರಿಯೆಲ್ಲ ಹಣೆ ಮುಟ್ಟಿ ನೋಡುತ್ತಿದ್ದ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು. ಪೆನ್ನು ದಾರಿ ತಪ್ಪಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಳು: 'ಮುಚ್ಚಳದ ಮುದ್ರೆಯು ಆಹಾರಕ್ಕಾಗಲಿ ಹಬೆಗಾಗಲಿ ತಾಗದಂತೆ ಬಳಸಿದಲ್ಲಿ ಡಬ್ಬಿಯು ಸುರಕ್ಷಿತ.' ಬಿಸಿ ಊಟಕ್ಕೆ ಮುಚ್ಚಳ ಮುಚ್ಚಿದಮೇಲೆ ಹಬೆ ತಾಗದೆ ಇರುವುದುಂಟೇ? ಓದಿದವರಿಗೆ ಅಷ್ಟೂ ತಿಳಿಯದೇ? ದೊಡ್ಡಪ್ಪ ತಾವಾಗಿಯೇ ಲಾರಿ ಇಳಿಸುತ್ತಾರೆ, 'ಬೇಡ' ಎನ್ನುವ ಮಾತು ತನ್ನ ಬಾಯಿಂದ ಬರುವುದು ತಪ್ಪುತ್ತದೆ ಎಂದುಕೊಂಡು ಕೆಳಗೆ ಸಹಿ ಹಾಕಿದಳು.

ದೊಡ್ಡಪ್ಪ ಎರಡು ಸಲ ಓದಿದರು. ಮುಖ ಅರಳಿತು. "ಇಷ್ಟೇನಾ? ಮೊದಲೇ ಹೇಳೋದಲ್ವಾ ಪುಟ್ಟಾ! ಸುಮ್ನೆ ಎದೆ ಒಡೆಸಿಬಿಟ್ಯಲ್ಲ" ಎಂದು ಅವಳ ತಲೆ ಸವರಿ, ಕಾಗದ ಹಿಡಿದು ಹೊರಟರು.

ಸ್ವಲ್ಪ ಹೊತ್ತಿಗೆ ಲಾರಿಯಿಂದ ಮುಚ್ಚಳದ ಕಟ್ಟುಗಳನ್ನು ಇಳಿಸುವ ಸದ್ದು ಕೇಳಿಸಿತು. ಅವಳ ಎದೆಯ ಭಾರವೂ ಜೊತೆಗೆ ಇಳಿಯಿತು. ದೊಡ್ಡಪ್ಪ ದೊಡ್ಡವರೇ, ನಾನೇ ಸುಮ್ಮನೆ ಹೆದರಿದ್ದೆ ಎಂದುಕೊಂಡು ಲೋಟಗಳನ್ನು ತೊಳೆದಿಟ್ಟಳು, ಕೂತು ನೆಮ್ಮದಿಯಾಗಿ ಊಟ ಮಾಡಿದಳು. ಕೈ ತೊಳೆಯುವಾಗ ಅಚ್ಚಿನ ಯಂತ್ರ ಓಡುತ್ತಿರುವುದು ಕಿವಿಗೆ ಬಿತ್ತು. ಆ ಕಡೆ ಹೋದಳು.

ಅಚ್ಚು ಹಾಕುವ ಮುದುಕನಿಗೆ ಕಾರ್ಖಾನೆಯಲ್ಲೆಲ್ಲ ಮಸಿಯಣ್ಣ ಎಂದೇ ಹೆಸರು. ಇಳಿಸಿದ ಮುಚ್ಚಳಗಳನ್ನು ಅವನು ಎರಡನೆಯ ಸಲ ಯಂತ್ರಕ್ಕೆ ತಿನ್ನಿಸುತ್ತಿದ್ದ. ಒಳಮೈಯಲ್ಲಿ ಎಲೆಯ ಮುದ್ರೆಯ ಸುತ್ತ, ಈ ಮೂಲೆಯಿಂದ ಆ ಮೂಲೆಯವರೆಗೆ, ಒಂದು ಬೆರಳಿಡುವಷ್ಟೂ ಬಿಳಿ ಉಳಿಯದಂತೆ, ಅವಳು ಬರೆದ ವಾಕ್ಯ ಅದೇ ಮಸಿಯ ದಪ್ಪ ಹಸಿರಕ್ಷರದಲ್ಲಿ ಕೂತಿತ್ತು. ಅದರ ಕೆಳಗೆ ಅಂಗೈಯಗಲ ಅವಳ ಸಹಿ.

"ಏನಿದು ಮಸಿಯಣ್ಣ?"

"ನಿಮ್ಮ ಮಾತು ತಿನ್ನೋರಿಗೆ ಎದ್ದು ಕಾಣ್ಬೇಕು ಅಂದ್ರು ಯಜಮಾನ್ರು. ಆಸ್ಪತ್ರೆಯೋರಿಗೂ ಬಹಳ ಖುಷಿಯಂತೆ. ಇಷ್ಟು ಕಾಳಜಿಯಿಂದ ಯಾರೂ ಬರ್ಕೊಟ್ಟಿರ್ಲಿಲ್ವಂತೆ."

ಅವಳು ಒಂದು ಮುಚ್ಚಳ ಎತ್ತಿಕೊಳ್ಳಲು ಕೈ ಚಾಚಿದಳು. ಮಸಿಯಣ್ಣ ಗಾಬರಿಯಿಂದ ಅಡ್ಡ ಬಂದ.

"ಮುಟ್ಬೇಡಿ ತಾಯೀ, ನಿಮ್ಮ ಸಹಿ ಇನ್ನೂ ಒಣಗಿಲ್ಲ."