ಮೊಸರಲ್ಲಿ ಕಲ್ಲು

“ಇಷ್ಟೇನಾ ಅಕ್ಕಾ? ಇನ್ನೂ ಸ್ವಲ್ಪ ಹುಡುಕು, ದೊಡ್ಡದೇನಾದ್ರೂ ಸಿಗಬಹುದು,” ಎಂದು ತಮ್ಮ ಅವಳ ಕುರ್ಚಿಗೆ ಆತುಕೊಂಡು ಪರದೆಯತ್ತ ಬಗ್ಗಿದ.

ಅಕ್ಕ ಕೆಲಸ ಮಾಡುವ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ, ಒಬ್ಬರ ಜೀನುಗಳನ್ನು ಅಕ್ಷರಗಳ ಸಾಲಾಗಿ ತೋರಿಸುವ ಜೀನೋಮ್ ಬ್ರೌಸರ್ ತೆರೆದಿತ್ತು. ಅವಳು ಒಂದು ಜೀನಿನ ಹೆಸರು ಬರೆದು ಹುಡುಕಿ, ಆ ಜಾಗವನ್ನು ಹಿಗ್ಗಿಸಿದ್ದಳು. ಸಾಲುಸಾಲು ಅಕ್ಷರಗಳ ನಡುವೆ ತಪ್ಪಿದ್ದ ಒಂದೇ ಒಂದು ಅಕ್ಷರ ಕೆಂಪಗಿತ್ತು. ಆ ಜೀನು ತಮ್ಮ ಮದುವೆಯಾಗಬೇಕಿದ್ದ ಹುಡುಗಿಯದು. “ಮೊದಲೇ ನಿಮಗೂ ಗೊತ್ತಿರಲಿ” ಎಂದು ತನ್ನ ಪರೀಕ್ಷೆಯ ಫೈಲನ್ನು ಅವಳೇ ನಂಬಿ ಕೊಟ್ಟಿದ್ದಳು.

“ಇದರಿಂದ ಅವಳಿಗೇನೂ ಆಗಲ್ಲ ಕಣೋ. ನಿನ್ನಲ್ಲೂ ಇದೇ ತಪ್ಪಿದ್ರೆ ಮಾತ್ರ ಮಕ್ಕಳಿಗೆ ಕಾಯಿಲೆ ಬರಬಹುದು.”

“ಅದೆಲ್ಲ ಬಿಡು. ನಂಗೆ ಈ ಸಂಬಂಧ ಸಾಕಾಗಿದೆ. ಅವಳಲ್ಲೇ ಐಬಿದೆ ಅಂದ್ರೆ ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ.” ಅವನು ಕಿಸಕ್ಕೆಂದು ನಕ್ಕು, ತಾನೇ ಮೌಸ್ ಹಿಡಿದು ಅಕ್ಷರಗಳನ್ನು ಸರಿಸತೊಡಗಿದ. ಮಲಗಿದವಳ ಹೊದಿಕೆ ಎತ್ತಿ ನೋಡುವವನ ಹಾಗೆ ಕಂಡ. ಇವನನ್ನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದೆನಲ್ಲ ಎಂದುಕೊಂಡಳು ಅಕ್ಕ. ಅವಳು ಅವನ ಕೈ ತಳ್ಳಿ, ಡ್ರಾಯರಿನಿಂದ ಸಣ್ಣ ನಳಿಕೆಯೊಂದನ್ನು ತೆಗೆದು ಮುಂದೆ ಹಿಡಿದಳು.

“ಇದರೊಳಗೆ ಉಗಿ. ಎಂಜಲಿನಿಂದ ನಿನ್ನ ಜೀನನ್ನೂ ಪರೀಕ್ಷೆ ಮಾಡಿಸಿ ವರದಿ ಅವಳಿಗೆ ಕಳಿಸ್ತೀನಿ.”

ತಮ್ಮ ನಳಿಕೆಯನ್ನು ಮುಟ್ಟದೆ ಹಿಂದೆ ಸರಿದ. “ನಂದ್ಯಾಕೆ? ಅದು ನನ್ನ ಸ್ವಂತ ವಿಷಯ ಅಲ್ವಾ?”

ಅಕ್ಕ ಬ್ರೌಸರ್ ಮುಚ್ಚಿದಳು. ಅವನ ಎದುರೇ ಹುಡುಗಿಗೆ ಫೋನ್ ಮಾಡಿದಳು. “ನಿನ್ನ ಫೈಲು ಅಳಿಸಿಬಿಡ್ತೀನಿ ತಾಯಿ. ಈ ಸಂಬಂಧ ನಿಂಗೆ ಬೇಡ.”