ಕಾಳುಮೆಣಸಿನ ಎಂಟು ವಾರ

ಎಣ್ಣೆಯಕ್ಕ ಗಂಡನ ಅಂಗಿಯ ಕಾಲರನ್ನು ಮೂಗಿಗೆ ಒತ್ತಿ ಹಿಡಿದಳು. ಸಿಗರೇಟು. ಸಂದೇಹವೇ ಇಲ್ಲ.

ಚಿಕಿತ್ಸೆ ಶುರುವಾಗಿ ಇಂದಿಗೆ ಐವತ್ತಮೂರು ದಿನ. ಅವಳು ಅಂಗಿಯನ್ನು ಬಕೆಟ್ಟಿನತ್ತ ಎಸೆದಳು. ಅದೂ ಹೊರಗೆ ಬಿತ್ತು.

ಸುಗಂಧ ಚಿಕಿತ್ಸಾ ಕೇಂದ್ರದಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಲ್ಯಾವೆಂಡರ್, ನೀಲಗಿರಿ, ಲಿಂಬೆಹುಲ್ಲು ಎಂದು ಹನ್ನೆರಡು ವರ್ಷ ಇನ್ನೊಬ್ಬರ ಬೆನ್ನು ತಿಕ್ಕಿದ ಮೇಲೆ ಅವಳಿಗೆ ಒಂದೇ ಆಸೆ ಉಳಿದಿತ್ತು: ಹಿಂದಿನ ಕೋಣೆಯಲ್ಲಿ ತನ್ನದೇ ತರಗತಿ. ಧೂಮಪಾನ ಬಿಡುವವರಿಗೆ ಕಾಳುಮೆಣಸಿನ ಎಣ್ಣೆ. ಹತ್ತಿಯ ಮೇಲೆ ಎರಡು ಹನಿ, ಸೇದಬೇಕು ಅನ್ನಿಸಿದಾಗ ಮೂರು ದೀರ್ಘ ಉಸಿರು. ಗಂಟಲಲ್ಲಿ ಹೊಗೆಯಂಥದೇ ಒಂದು ಚುರುಕು. ಆಸೆ ಮೋಸಹೋಗುತ್ತದೆ ಎಂಬುದು ಅವಳ ನಂಬಿಕೆ.

ಕೇಂದ್ರದ ಒಡತಿ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, ಮೊದಲು ಒಬ್ಬನನ್ನು ಬಿಡಿಸಿ ತೋರಿಸು ಎಂದಿದ್ದರು. ಎಂಟು ವಾರದ ಗಡುವು. ಆಗದಿದ್ದರೆ ಆ ಕೋಣೆಗೆ ಪಾದ ಒತ್ತುವ ಕುರ್ಚಿಗಳು ಬರುತ್ತವೆ.

ಒಬ್ಬನನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವ ಗಂಡ ಮನೆಯಲ್ಲೇ ಇದ್ದ. ಹನ್ನೊಂದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕಣ್ಣೆದುರು ಸಿಕ್ಕಿಬಿದ್ದವನಲ್ಲ, ಅಷ್ಟು ಚಾಲಾಕು. ಆದರೆ ಕೇಳಿದರೆ ಸುಳ್ಳು ಹೇಳುತ್ತಿರಲಿಲ್ಲ. ಅದೊಂದು ಗುಣ.

"ಇವತ್ತು ಎಷ್ಟು?" ಎಂದು ಕೇಳಿದಳು, ನೋಟ್‌ಬುಕ್ ತೆರೆದು.

"ಮೂರು," ಎಂದ ಗಂಡ, ತಟ್ಟೆಯಿಂದ ತಲೆಯೆತ್ತದೆ.

"ನಾಲ್ಕು," ಎಂದರು ಅತ್ತೆ, ಬೀನ್ಸ್ ಮುರಿಯುತ್ತಾ. "ಮಾಡೋದು ಮಾಡಿದ್ದಾಯ್ತು, ಹೇಳೋದನ್ನಾದ್ರೂ ಸರಿಯಾಗಿ ಹೇಳು."

"ನಾಲ್ಕು," ಎಂದು ಅವನು ತಿದ್ದಿಕೊಂಡ.

ಅತ್ತೆಯ ಬಳಿ ಹೋದರೆ ನೋವಿನ ಮುಲಾಮಿನ ಘಾಟು ಬಿಟ್ಟು ಬೇರೆ ಯಾವ ವಾಸನೆಯೂ ಮೂಗಿಗೆ ತಾಗದು. ಎಣ್ಣೆಯ ವಿದ್ಯೆಯ ಮೇಲೆ ಅವರಿಗೆ ಕವಡೆಯಷ್ಟೂ ಗೌರವವಿರಲಿಲ್ಲ. ನೆಗಡಿಗೆ ಮೆಣಸು ಅಂದರೆ ಒಪ್ಪಬಹುದು, ಸೇದುವ ಚಟ ಇದಕ್ಕೆಲ್ಲ ಬಗ್ಗುವುದಿಲ್ಲ ಎಂದು ಅನುಭವಸ್ಥರ ಹಾಗೆ ಹೇಳುತ್ತಿದ್ದರು. ಆದರೂ ಮಗನ ತಪ್ಪನ್ನು ಮುಚ್ಚಿಡದ ತಾಯಿ ಎಷ್ಟು ಮನೆಗಳಲ್ಲಿ ಸಿಗುತ್ತಾರೆ ಎಂದುಕೊಂಡು ಎಣ್ಣೆಯಕ್ಕ ಅದನ್ನು ನುಂಗಿಕೊಂಡಿದ್ದಳು.

ಅವಳು ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವಿದಳು. ತಪ್ಪು ಎಲ್ಲಿ? ಸೀಸೆಯಲ್ಲಿ ಎಣ್ಣೆ ಇಳಿಯಬೇಕಾದಷ್ಟು ಇಳಿಯುತ್ತಿತ್ತು. ಅವಳು ಹೇಳಿದಾಗಲೆಲ್ಲ ಅವನು ಮೂಸುತ್ತಿದ್ದ, ಮೂಸಿದಾಗಲೆಲ್ಲ ಸೀನುತ್ತಿದ್ದ. ಎರಡನೇ ವಾರ ಎಣ್ಣೆಯ ದೀಪ ಹಚ್ಚಲು ಹೇಳಿದರೆ ಮೂರು ಕಡ್ಡಿ ಗೀರಿ ಹೆಬ್ಬೆರಳು ಸುಟ್ಟುಕೊಂಡಿದ್ದ. ಕೈ ನಡುಕ, ಚಟ ಬಿಡುವವರ ಲಕ್ಷಣ ಎಂದು ಬರೆದಿದ್ದಳು. ಐದನೇ ವಾರ ಪೂರ್ತಿ ಸೊನ್ನೆ. ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದ ವಾರ. ಮನೆಯಲ್ಲಿ ಗೊಣಗಾಟವಿಲ್ಲ, ಮನಸ್ಸಿಗೆ ನೆಮ್ಮದಿ, ಎಣ್ಣೆಗೆ ದಾರಿ ಸಲೀಸು. ಅವರು ವಾಪಸಾದ ಸಂಜೆಯೇ ಮತ್ತೆ ಎರಡು.

ಇಷ್ಟು ವಿಧೇಯನಾದ ಮನುಷ್ಯ ಇಷ್ಟು ಹಟದಿಂದ ವಾಸಿಯಾಗದೆ ಇರುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಬೈದರೆ ತಲೆತಗ್ಗಿಸುತ್ತಿದ್ದ. ಗೋಡೆಗೆ ಬೈದಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಐವತ್ತಾರನೇ ದಿನ ಭಾನುವಾರ. ಕೇಂದ್ರಕ್ಕೆ ರಜೆ. ಅವಳು ಗಂಡನ ಜೇಬುಗಳನ್ನು ತಡಕಿ, ಬೆಳಿಗ್ಗೆ ಎಂಟಕ್ಕೇ ಅವನನ್ನು ಅಲ್ಲಿನ ಹಿಂದಿನ ಕೋಣೆಗೆ ಕರೆದೊಯ್ದು ಕೂರಿಸಿದಳು. ಕೈಗೆ ಹತ್ತಿ ಕೊಟ್ಟು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ತಾನೂ ಕೂತಳು. ನಾಲ್ಕು ಗಂಟೆಯವರೆಗೆ ಅವನು ಒಮ್ಮೆಯೂ ಚಡಪಡಿಸಲಿಲ್ಲ. ಮಧ್ಯಾಹ್ನ ಸಣ್ಣಗೆ ಗೊರಕೆ ಕೂಡ ಹೊಡೆದ.

ಅವಳ ಕಣ್ಣು ತುಂಬಿ ಬಂತು. ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಕೊನೆಯ ದಿನ ಒಂದೂ ಇಲ್ಲ, ಪರದಾಟವೂ ಇಲ್ಲ ಎಂದಳು. ಅವರು ಖುಷಿಯಾದರು. ಕೋಣೆ ನಿನ್ನದು, ನಾಳೆ ಬೆಳಿಗ್ಗೆ ಹನ್ನೆರಡು ಜನ ಸೇದುವವರು ಬರುತ್ತಾರೆ, ಹೇಗೆ ಬಿಟ್ಟೆ ಎಂದು ನಿನ್ನ ಯಜಮಾನರೇ ಅವರ ಮುಂದೆ ನಿಂತು ಹೇಳಲಿ ಎಂದರು. ಗಂಡ ತಕ್ಷಣ ಒಪ್ಪಿಕೊಂಡ.

ಮನೆಗೆ ಬಂದು, ಒಣಗಿದ ಬಟ್ಟೆ ತರಲು ಇಬ್ಬರೂ ಮಹಡಿ ಹತ್ತಿದರು. ಅರ್ಧ ಮೆಟ್ಟಿಲಿಗೇ ಎಣ್ಣೆಯಕ್ಕ ನಿಂತಳು. ಅವಳ ಮೂಗು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಮಹಡಿಯ ಕೋಣೆಯ ಬಾಗಿಲ ಸಂದಿಯಿಂದ ಬಿಸಿಬಿಸಿ ಹೊಗೆ ತೆಳ್ಳಗೆ ಹೊರಬರುತ್ತಿತ್ತು.

ಗಂಡ ಎರಡೆರಡು ಮೆಟ್ಟಿಲು ಹಾರಿ ಬಾಗಿಲಿಗೆ ಅಡ್ಡ ನಿಂತ. "ನಾನೇ," ಎಂದ. "ನಾನೇ ಸೇದಿದ್ದು."

"ಯಾವಾಗ ರೀ? ಬೆಳಿಗ್ಗೆಯಿಂದ ನನ್ನ ಕಣ್ಣ ಮುಂದೇ ಇದ್ದೀರಲ್ಲ."

ಅವನು ಯೋಚಿಸಿದ. "ಐದು," ಎಂದ.

"ಆರು," ಎಂದಿತು ಬಾಗಿಲ ಹಿಂದಿನ ದನಿ.

ಬಾಗಿಲು ತೆರೆಯಿತು. ಒಗೆಯಲು ಹಾಕಿದ್ದ ಮಗನ ಅಂಗಿಯನ್ನು ಮೈಮೇಲೆ ಏರಿಸಿಕೊಂಡು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು, ಅತ್ತೆ ನಿಂತಿದ್ದರು. ಬೆರಳ ಸಂದಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.

"ಅವನನ್ನ ಬಿಡಮ್ಮ, ಹುಟ್ಟಿದಾಗಿಂದ ಒಂದೂ ಸೇದಿದವನಲ್ಲ, ಹದಿನಾರನೇ ವಯಸ್ಸಲ್ಲಿ ಅವರಪ್ಪನ ಕೈಗೆ ನನ್ನ ಪ್ಯಾಕೆಟ್ಟು ಸಿಕ್ಕಾಗ ತನ್ನದೇ ಅಂತ ಒಪ್ಪಿಕೊಂಡುಬಿಟ್ಟ, ಅವನಿಗೆ ಹತ್ತಿರೋ ಚಟ ಅದೊಂದೇ."