ದೋಸೆಯೊಳಗಿನ ತತ್ತಿ

“ರಕ್ತದಾಗ ಒಂದು ಪ್ರೋಟೀನ್ ಭಾಳ ಏರೇತ್ರಿ,” ಎಂದು ಡಾಕ್ಟರು ಹೇಳಿದ ಕೂಡಲೇ ನೀಲವ್ವನ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿ ಗಂಡ ಚನ್ನವೀರಯ್ಯ ಕೊರಳಿನ ಲಿಂಗದ ಕರಡಿಗೆ ಹಿಡಿದು ಕೂತಿದ್ದರು.

ಗಂಡನಿಗೆ ಕರುಳಿನ ಕ್ಯಾನ್ಸರಿನ ಆಪರೇಷನ್ ಆದಾಗ, ಮೈ ಕೂಡಿಕೊಳ್ಳಲು ಪ್ರೋಟೀನ್ ಬೇಕು, ಮೊಟ್ಟೆ ಕೊಡಿ ಎಂದು ನರ್ಸ್ ಹೇಳಿದ್ದಳು. ಜಂಗಮರ ಮನೆಯಲ್ಲಿ ಆ ಮಾತು ಎತ್ತುವುದಾದರೂ ಹೇಗೆ? ನೀಲವ್ವ ಯಾರಿಗೂ ಹೇಳದೆ ದೋಸೆ ಹಿಟ್ಟಿಗೆ ಮೊಟ್ಟೆ ಒಡೆದು ಕಲಸುತ್ತ ಬಂದಿದ್ದಳು. ಪೂಜೆ ಮುಗಿಸಿ ಬಂದ ಗಂಡ, ಇತ್ತೀಚೆಗೆ ದೋಸೆ ಬಲು ಮೆತ್ತಗಾಗುತ್ತವೆ ಎಂದು ಹೊಗಳಿ ತಿನ್ನುವಾಗ ಅವಳಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಈಗ ತಡೆಯಲಾಗಲಿಲ್ಲ. “ತಪ್ಪು ನಂದರಿ ಡಾಕ್ಟರ್ರ. ಇವರಿಗೆ ಗೊತ್ತಾಗದಂಗ ದೋಸೆಯೊಳಗ ತತ್ತಿ ಹಾಕಿ ತಿನ್ನಿಸೀನಿ. ಅದಕ್ಕ ಏರೇತಿ,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಇದು ಉಣ್ಣೋ ಪ್ರೋಟೀನ್ ಅಲ್ಲವ್ವಾ, ಕ್ಯಾನ್ಸರಿನ ಗಡ್ಡಿ ರಕ್ತಕ್ಕ ಬಿಡೋದು,” ಎಂದರು ಡಾಕ್ಟರು. “ಆಪರೇಷನ್ ಆದಮ್ಯಾಗ ಇಳಿದಿತ್ತು. ಈಗ ಮತ್ತ ಏರೇತಿ ಅಂದ್ರ ಬ್ಯಾನಿ ತಿರುಗಿ ಬಂದಂಗ ಕಾಣತೈತಿ. ಸ್ಕ್ಯಾನ್ ಮಾಡಿ ನೋಡೋಣ.”

“ತತ್ತಿಯಿಂದ ಅಲ್ಲೇನ್ರಿ?”

“ಅಲ್ಲ.”

“ಸದ್ಯ, ಬದುಕಿದ್ನಿ,” ಎಂದು ನೀಲವ್ವ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟಳು.

ಗಂಡ ಡಾಕ್ಟರ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಮತ್ತ ನಾನ್ರಿ?”